ತಿದ್ದುವ ಹೊತ್ತು

ತನಗೆ ಸೊಕ್ಕು ಬಂದಿದೆಯೆಂದು ತಬಿಥಾಳಿಗೆ ಗೊತ್ತಾದದ್ದು ಶನಿವಾರ ಬೆಳಿಗ್ಗೆ, ಹಲ್ಲುಜ್ಜುವಾಗ.

ಹಿಂದಿನ ದಿನ ಬರೆದು ಮುಗಿಸಿದ ಭಾಷಣ ನೆನಪಾಗಿ, ಬಾಯಿ ತುಂಬ ನೊರೆಯಿಟ್ಟುಕೊಂಡೇ ಅವಳು ಒಬ್ಬಳೇ ನಕ್ಕಳು. ಎಂಥ ಮಾತುಗಳು! ಎಂಥ ಜೋಡಣೆ! ಈ ವಿಷಯದ ಮೇಲೆ ಇಡೀ ರೋಣ ತಾಲೂಕಿನಲ್ಲಿ ಇಷ್ಟು ಚೆನ್ನಾಗಿ ಯಾರೂ ಬರೆದಿರಲಿಕ್ಕಿಲ್ಲ ಎಂದುಕೊಂಡಳು. ಆಮೇಲೆ ವಿಷಯ ಯಾವುದೆಂದು ನೆನಪಾಗಿ ನಗು ನಿಂತಿತು. ವಿಷಯ ದೀನತೆ; ತಿದ್ದಿದವರ ಮುಂದೆ ತಲೆ ಬಾಗುವ ವಿನಯ.

ಮುಖ ತೊಳೆದುಕೊಂಡು ಬಂದು ದಿನಚರಿ ತೆಗೆದಳು. ‘ನನ್ನ ದೀನತೆಯ ಬಗ್ಗೆ ನನಗೆ ಭಾರೀ ಹೆಮ್ಮೆ ಬಂದುಬಿಟ್ಟಿದೆ. ಏನು ಮಾಡಲಿ?’ ಎಂದು ಬರೆದಳು. ಬರೆದದ್ದನ್ನು ಓದಿ ನೋಡಿದರೆ ಆ ವಾಕ್ಯವೂ ಚೆನ್ನಾಗಿಯೇ ಇತ್ತು. ಅದಕ್ಕೂ ಒಂಚೂರು ಹೆಮ್ಮೆಯಾಯಿತು.

ಗಜೇಂದ್ರಗಡದ ಗುಡ್ಡದ ಬುಡದಲ್ಲಿ, ಗಾಳಿಯಂತ್ರಗಳ ಸುಂಯ್‌ ಸದ್ದು ಕೇಳುವಷ್ಟು ಹತ್ತಿರದ ಓಣಿಯಲ್ಲಿ, ತಗಡಿನ ಮಾಡಿನ ಸಣ್ಣ ಪ್ರಾರ್ಥನಾಲಯವಿತ್ತು. ಅಲ್ಲಿ ಸೇರುವ ಸಭೆಯೂ ಸಣ್ಣದೇ. ಆದರೆ ಬೇರೆಲ್ಲೂ ಇಲ್ಲದ ಒಂದು ಪದ್ಧತಿ ಅದಕ್ಕಿತ್ತು. ಪ್ರಸಂಗ, ಎಂದರೆ ಆ ದಿನದ ಉಪದೇಶದ ಭಾಷಣ, ಮುಗಿದ ಮೇಲೆ, ಕಡೆಯ ಹಾಡಿಗೆ ಮೊದಲು, ‘ತಿದ್ದುವ ಹೊತ್ತು’. ಕೇಳಿದವರಲ್ಲಿ ಯಾರು ಬೇಕಾದರೂ ಎದ್ದು ನಿಂತು, ಮಾತಾಡಿದವರ ತಪ್ಪು ಹೇಳಬಹುದು. ಮಾತಾಡಿದವರು ಎದುರುತ್ತರ ಕೊಡುವಂತಿಲ್ಲ. ತಲೆ ಬಗ್ಗಿಸಿ “ಆತ್ರಿ, ತಿದ್ದಿಕೋತೀನಿ” ಎನ್ನಬೇಕು, ಅಷ್ಟೆ. ಮನುಷ್ಯರ ಸೊಕ್ಕು ಮುರಿಯಲಿ ಎಂದು ಹಿಂದಿನ ಕಾಲದ ಉಪದೇಶಿಯೊಬ್ಬರು ಹಾಕಿಕೊಟ್ಟ ಏರ್ಪಾಡದು. ಮಾತಾಡುವವರ ಸೊಕ್ಕು ಮುರಿಯಿತೋ ಇಲ್ಲವೋ, ತಿದ್ದುವವರ ಸೊಕ್ಕಂತೂ ಮಳೆಗಾಲದ ಹುಲ್ಲಿನಂತೆ ಬೆಳೆಯಿತು. ಪ್ರಸಂಗದುದ್ದಕ್ಕೂ ಗೋಡೆಗೆ ಒರಗಿ ನಿದ್ದೆ ಮಾಡಿದವರು ತಿದ್ದುವ ಹೊತ್ತು ಬಂತೆಂದರೆ ಕೆಮ್ಮಿ, ಕಣ್ಣೊರೆಸಿಕೊಂಡು ಸಿದ್ಧರಾಗುತ್ತಿದ್ದರು. ನಿದ್ದೆಯಲ್ಲಿ ಕೇಳದೆ ಹೋದ ತಪ್ಪುಗಳನ್ನೂ ತಿದ್ದುತ್ತಿದ್ದರು. ಗದಗಿನಿಂದ ಬಂದ ಪಾದ್ರಿಯವರೊಬ್ಬರು ಒಮ್ಮೆ ತಮ್ಮ ಚಪ್ಪಲಿ ಬಿಟ್ಟ ಜಾಗದ ಬಗ್ಗೆಯೂ ತಿದ್ದಿಸಿಕೊಂಡು ಹೋಗಿದ್ದರು.

ಈ ಸಲ ಶನಿವಾರದ ಸಂಜೆ ಕೂಟದಲ್ಲಿ ಮಾತಾಡುವ ಸರದಿ ತಬಿಥಾಳದು. ಕೇಳುವುದಕ್ಕೆ ಗದಗಿನಿಂದ ರಮಾಬಾಯಿ ಬರುವವರಿದ್ದರು. ನಿವೃತ್ತ ಮುಖ್ಯಾಧ್ಯಾಪಕಿ, ಈಗ ಹೆಣ್ಣುಮಕ್ಕಳ ಒಂದು ವಸತಿಶಾಲೆಯನ್ನು ನೋಡಿಕೊಳ್ಳುವವರು. ಆ ಶಾಲೆಗೆ ಒಬ್ಬ ಟೀಚರು ಬೇಕಾಗಿತ್ತು. ಸಂದರ್ಶನದಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. ಊರೂರು ತಿರುಗಿ, ಹುಡುಗಿಯರು ಸಭೆಯಲ್ಲಿ ಮಾತಾಡುವುದನ್ನು ಕೇಳಿ ಆರಿಸುವವರಂತೆ.

ತಬಿಥಾಳಿಗೆ ಇದು ದೇವರೇ ಬಾಗಿಲು ತೆರೆದಂತೆ ಕಂಡಿತ್ತು. ಬಿ.ಎ. ಮುಗಿಸಿ ಮನೆಯಲ್ಲಿದ್ದಳು. ಹೋದ ಸಂದರ್ಶನಗಳಲ್ಲೆಲ್ಲ ಹೆಸರು ಹೇಳುವಷ್ಟರಲ್ಲಿ ಗಂಟಲು ಕಟ್ಟಿ ಕೆಲಸ ಕೈಬಿಟ್ಟಿತ್ತು. ನಾಲ್ಕು ಜನರ ಮುಂದೆ ಬಾಯಿ ತೆರೆಯುವುದೆಂದರೆ ಅವಳಿಗೆ ಬಾವಿಗೆ ಇಳಿದಷ್ಟು ಭಯ. ಆದರೆ ಬರೆದದ್ದನ್ನು ನೋಡಿ ಓದುವುದು ಬೇರೆ. ಅದನ್ನು ಅವಳು ಮಾಡಬಲ್ಲಳು. ಮುಂದೆ ತರಗತಿಯ ಮಕ್ಕಳೆದುರು ಹೇಗೆ ಮಾತಾಡುವೆಯೆಂದು ಯಾರಾದರೂ ಕೇಳಿದರೆ, ಮಕ್ಕಳೆದುರು ತನಗೆ ಮಾತು ತಾನಾಗಿ ಬರುತ್ತದೆಯೆನ್ನುತ್ತಿದ್ದಳು. ಅದು ನಿಜವೂ ಆಗಿತ್ತು.

ಅಡ್ಡಿಯಿದ್ದದ್ದು ಒಂದೇ. ತಿದ್ದುವ ಹೊತ್ತು. ರಮಾಬಾಯಿಯವರ ಎದುರಿಗೆ ಇಡೀ ಸಭೆ ಎದ್ದು ನಿಂತು ತನ್ನನ್ನು ಒಗೆಯುವ ಕಲ್ಲಿನ ಮೇಲೆ ಹಾಕಿ ಕುಕ್ಕಿದರೆ?

ಹೆಮ್ಮೆಯ ತಲೆಗೆ ಉಪಾಯಗಳು ಬೇಗ ಹೊಳೆಯುತ್ತವೆ. ತಬಿಥಾಳಿಗೂ ಹೊಳೆಯಿತು. ಸಂಜೆ ತಿದ್ದುವವರ ಮನೆಗೆ ಬೆಳಿಗ್ಗೆಯೇ ಹೋಗಿ, ಭಾಷಣ ಓದಿ ಹೇಳಿ, ಅವರ ತಿದ್ದುಪಡಿಯನ್ನೆಲ್ಲ ಮುಂಚೆಯೇ ಇಸಿದುಕೊಂಡುಬಿಡುವುದು. ಆಗ ಸಂಜೆಗೆ ಹೇಳಲು ಅವರ ಹತ್ತಿರ ಏನೂ ಉಳಿದಿರುವುದಿಲ್ಲ. ಸಭೆ ಹುಟ್ಟಿದಾಗಿನಿಂದ ಒಂದೂ ತಪ್ಪು ಹೇಳಿಸಿಕೊಳ್ಳದ ಮೊದಲ ವ್ಯಕ್ತಿ ತಾನಾಗುತ್ತೇನೆ! ಆ ಮೌನವನ್ನು ನೆನೆಸಿಕೊಂಡೇ ಅವಳ ಮೈ ಜುಮ್ಮೆಂದಿತು.

ಮೊದಲ ಓದು ಒಲೆಯ ಮುಂದೆ ಆಯಿತು. ತಾಯಿ ಮಾನವ್ವ ಮಾರುವುದಕ್ಕೆಂದು ಖಡಕ್‌ ರೊಟ್ಟಿ ಬಡಿಯುತ್ತಿದ್ದಳು. ದಾವೀದ ಅರಸನ ಭಾಗ ಬಂದಾಗ ಬಡಿಯುವ ಕೈ ನಿಂತಿತು.

ತಬಿಥಾ ಓದಿದಳು: “ಪರರ ಹೆಂಡತಿಯನ್ನು ಕಸಿದುಕೊಂಡಿದ್ದ ಅರಸನು ಬಡವನ ಒಂದೇ ಒಂದು ಕುರಿಮರಿಯ ಕತೆ ಕೇಳಿ, ಅದನ್ನು ಕಸಿದುಕೊಂಡವನ ಮೇಲೆ ಕೆಂಡವಾದನು. ಆಗ ಪ್ರವಾದಿ ನಾತಾನನು ಬೆರಳು ಮಾಡಿ, ಆ ಮನುಷ್ಯನು ನೀನೇ ಎಂದನು.”

“ಹಂಗ ಅನಬಾರದವಾ,” ಎಂದಳು ಮಾನವ್ವ.

“ಬೈಬಲ್ಲಿನಾಗ ಹಂಗಽ ಐತಿ ಬೇ.”

“ಇರಲಿ. ಅಂವಾ ಅರಸ. ಮುಖಕ್ಕ ಹೊಡದಂಗ ಅಂದ್ರ ಯಾರ ಸುಮ್ನಿರ್ತಾರ? ತಪ್ಪು ತಿಳೀಬ್ಯಾಡ್ರಿ ಅಂತ ಮೊದಲ ಅನ್ನಸು. ಮತ್ತ, ನೀನಽ ಅನ್ನೂದಲ್ಲ, ತಾವಽ ಇರಬೌದೋ ಏನೋ ಅಂತ ಅನ್ನಸು. ನಾಳಿಗಿ ದೊಡ್ಡ ಸಾಲಿಗಿ ಕೆಲಸಕ್ಕ ಹೊಂಟಾಕಿ, ದೊಡ್ಡವರ ಜೋಡಿ ಮಾತಾಡೂದು ಕಲಿ.”

ತಿದ್ದುಪಡಿಯನ್ನು ಸ್ವೀಕರಿಸುವುದು ಹೇಗೆ ಎಂಬ ಭಾಷಣವನ್ನು ಕೈಯಲ್ಲಿ ಹಿಡಿದುಕೊಂಡು, ತಿದ್ದುಪಡಿ ಬೇಡವೆನ್ನುವುದು ಹೇಗೆ? ತಬಿಥಾ ಪೆನ್ನು ತೆಗೆದಳು.

“ಆತು ಬೇ, ತಿದ್ದಿಕೋತೀನಿ.”

ಸಂಜೆಯ ದೊಡ್ಡ ಗಂಡಾಂತರವೆಂದರೆ ಪಕ್ಕದ ಮನೆಯ ಗುಡ್ಡವ್ವ. ತಿದ್ದುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಮದುವೆಯೊಂದರಲ್ಲಿ ಪಾದ್ರಿಯವರು ಪ್ರಮಾಣ ಹೇಳಿಕೊಡುತ್ತಿರುವಾಗಲೇ ಮದುಮಗನನ್ನು ತಿದ್ದಿದವಳು. ಹೆಣದ ಪೆಟ್ಟಿಗೆಯಲ್ಲಿ ಮಲಗಿದವರನ್ನು ಮಾತ್ರ ಬಿಟ್ಟಿದ್ದಳು. ಅದೂ ಅವರು “ತಿದ್ದಿಕೋತೀನಿ” ಅನ್ನಲಾರರೆಂಬ ಕಾರಣಕ್ಕೆ.

ಗುಡ್ಡವ್ವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಭಾಷಣವೆಂದ ಕೂಡಲೇ ಮೊರವನ್ನು ಬದಿಗೆ ಸರಿಸಿ, ಸೆರಗು ಸರಿಮಾಡಿಕೊಂಡು, ಕಚೇರಿಯ ಸಾಹೇಬರಂತೆ ಕುಳಿತಳು.

ತಬಿಥಾ ಬಿಳಾಮನ ಕತೆ ಓದಿದಳು. ಪ್ರವಾದಿ ಬಿಳಾಮ ತನ್ನ ಕತ್ತೆಯ ಮೇಲೆ ಕೂತು ಹೊರಟಿದ್ದ. ದಾರಿಗೆ ಅಡ್ಡ ದೇವದೂತ ಖಡ್ಗ ಹಿಡಿದು ನಿಂತಿದ್ದ. ಅದು ದೊಡ್ಡ ಪ್ರವಾದಿಗೆ ಕಾಣಲಿಲ್ಲ, ಕತ್ತೆಗೆ ಕಂಡಿತು. ಕತ್ತೆ ದಾರಿ ಬಿಟ್ಟಾಗಲೆಲ್ಲ ಬಿಳಾಮ ಅದನ್ನು ಬಡಿದ. ಕಡೆಗೆ ಕತ್ತೆಯೇ ಬಾಯಿಬಿಟ್ಟು ಅವನ ತಪ್ಪು ಹೇಳಿತು. “ಆದ್ದರಿಂದ ಪ್ರಿಯರೇ, ನಮ್ಮನ್ನು ತಿದ್ದುವುದು ಕತ್ತೆಯೇ ಆಗಿದ್ದರೂ ನಾವು ಕಿವಿಗೊಡಬೇಕು.”

ಗುಡ್ಡವ್ವನ ಮುಖ ತಾನು ಬಿಡಿಸುತ್ತಿದ್ದ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿತು.

“ಯಾರಿಗಿ ಅಂದಿ ಇದನ್ನ?”

“ಯಾರಿಗೂ ಇಲ್ಲ ದೊಡ್ಡವ್ವಾ. ಬಿಳಾಮನ ಕತ್ತೀ…”

“ನನಗ ತಿಳ್ಯಾಂಗಿಲ್ಲೇನು? ಈ ಸಭೆದಾಗ ಎಲ್ಲಾರಕಿಂತ ಹೆಚ್ಚ ತಿದ್ದಾಕಿ ಯಾರು? ನೀ ಕತ್ತಿ ಅಂತ ಅನ್ನೂದು, ಎಲ್ಲಾರೂ ಹೊಳ್ಳಿ ನನ್ನ ಮಾರಿ ನೋಡೂದು! ಆ ಹುಚ್ಚಪ್ಪಂತೂ ಹಲ್ಲು ಕಿಸದಽ ಬಿಡ್ತಾನ.”

“ನಾ ಹಂಗ ವಿಚಾರ ಮಾಡಿರಲಿಲ್ಲ ದೊಡ್ಡವ್ವಾ, ಖರೇನ.”

“ಮಾಡಬೇಕಾಗಿತ್ತು. ಕಲತಾಕಿ ಅದೀ.” ಗುಡ್ಡವ್ವ ಮೊರದಿಂದ ಒಂದು ಮೆಣಸಿನಕಾಯಿ ಎತ್ತಿ ತೊಟ್ಟು ಮುರಿದಳು. ಮುಖ ತಣ್ಣಗಾಯಿತು. “ಕುದರಿ ಮಾಡು.”

“ಏನ್ರೀ?”

“ಕತ್ತಿ ತಗದು ಕುದರಿ ಹಾಕು. ಬಿಳೀ ಕುದರಿ. ತಪ್ಪು ಹೇಳೂದು ಅಂದ್ರ ಸಣ್ಣ ಮಾತಲ್ಲ ತಂಗಿ, ಅದಕ್ಕೂ ಒಂದು ಮರ್ಯಾದಿ ಬೇಕು. ಕೊಳ್ಳಾಗ ಗೆಜ್ಜಿ ಇರಲಿ.”

ತಬಿಥಾ ಪೆನ್ನಿನ ಮುಚ್ಚಳ ತೆಗೆದಳು. ಕತ್ತೆಗೆ ಮನಸ್ಸಿನಲ್ಲೇ ಕ್ಷಮೆ ಕೇಳಿದಳು.

“ಆತ್ರಿ, ತಿದ್ದಿಕೋತೀನಿ.”

ಸಭೆಯ ಹಿರಿಯ ಹುಚ್ಚಪ್ಪ ಸಿಗುವುದು ಬಸ್‌ಸ್ಟ್ಯಾಂಡಿನಲ್ಲಿ. ಕಂಡಕ್ಟರ್‌ ಕೆಲಸದಿಂದ ಅವನು ನಿವೃತ್ತನಾದದ್ದು ಇಲಾಖೆಗೆ ಗೊತ್ತಿತ್ತು, ಅವನ ಬಾಯಿಗೆ ಗೊತ್ತಿರಲಿಲ್ಲ. ದಿನಾ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಬಸ್ಸುಗಳನ್ನು ಕರೆದು ಜನ ತುಂಬಿಸಿ ಕಳಿಸುತ್ತಿದ್ದ.

“ರೋಣ, ರೋಣ, ರೋಣ! ಹಿಂದ ಸೀಟ ಅದಾವ, ಸರೀರಿ ಹಿಂದಕ್ಕ! ಏನ ತಬ್ಬವ್ವಾ, ಎಲ್ಲಿಗಿ?”

“ಎಲ್ಲಿಗಿಲ್ಲ ಕಾಕಾ. ನಿಮಗ ಭಾಷಣ ಓದಿ ತೋರಸಬೇಕಾಗಿತ್ತು.”

“ಓದು ಓದು. ಬಾಗಲದಾಗ ನಿಂದರಬ್ಯಾಡ, ಮುಂದ ಬಾ.”

ಯೋನನ ಕತೆ ಶುರುವಾಯಿತು. ದೇವರು ನಿನೆವೆಗೆ ಹೋಗು ಎಂದರೆ ಯೋನ ತಾರ್ಷೀಷಿಗೆ ಹೋಗುವ ಹಡಗು ಹತ್ತಿದ. ಹುಚ್ಚಪ್ಪ ಕೈಯೆತ್ತಿ ಸೀಟಿ ಹೊಡೆದಂತೆ ನಿಲ್ಲಿಸಿದ.

“ತಡಿ. ಟಿಕೀಟ ತಗೊಂಡಿದ್ನ?”

“ಹೂಂರಿ. ಪ್ರಯಾಣದ ರೊಕ್ಕ ಕೊಟ್ಟ ಅಂತ ಐತಿ.”

“ಪೂರಾ?”

“ಪೂರಾ ಇರಬೇಕ್ರಿ.”

“ಹಂಗಾದ್ರ ಅಂವಂದೇನು ತಪ್ಪು? ಸೂಡಿಗಿ ಹೋಗಾಂವ ಗಡಿಬಿಡಿಯಾಗ ರೋಣದ ಬಸ್ಸ ಹತ್ತೂದು ಇರ್ತೈತಿ. ಟಿಕೀಟ ಐತೆಲ್ಲ! ಮುಂದ ಏನಾತು?”

“ಬಿರುಗಾಳಿ ಬಂದು, ಹಡಗಿನವರು ಅಂವನ್ನ ಎತ್ತಿ ಸಮುದ್ರಕ್ಕ ಒಗದ್ರು.”

“ಒಗದ್ರು!” ಹುಚ್ಚಪ್ಪನ ಕೂಗಿಗೆ ರೋಣದ ಬಸ್ಸಿನ ಡ್ರೈವರು ಇಣುಕಿ ನೋಡಿದ. “ಟಿಕೀಟ ಇದ್ದ ಪ್ಯಾಸೆಂಜರನ್ನ ನಡು ದಾರ್ಯಾಗ ಒಗದ್ರು! ನನ್ನ ಸರ್ವೀಸಿನಾಗ ಕುಡದು ಬಂದಾಂವನ್ನ ಸೈತ ನಾ ಸ್ಟಾಪ್‌ ಬಿಟ್ಟು ಇಳಿಸಿಲ್ಲ. ಇದನ್ನ ಖಂಡಿಸಿ ಬರಿ. ಕಡಕ್‌ ಬರಿ. ಆ ಮೀನಾ ಏನ ಮಾಡ್ತು?”

“ಅಂವನ್ನ ನುಂಗಿ, ಮೂರ ದಿನದ ಮ್ಯಾಲೆ ದಂಡಿಗಿ ತಂದು ಬಿಟ್ಟಿತ್ರಿ.”

“ನೋಡು! ಲೇಟ್‌ ಆದ್ರೂ ಸ್ಟಾಪಿಗೇ ಇಳಿಸೇತಿ. ಮೀನಾ ಶಾಣ್ಯಾ ಐತಿ. ಮೀನದ ಸರ್ವೀಸ್‌ ಹೊಗಳಿ ನಾಕ ಮಾತ ಹಾಕು.”

ಯೋನನ ತಪ್ಪೇ ಹಾರಿಹೋದ ಮೇಲೆ ಯೋನ ಭಾಷಣದಲ್ಲಿ ಯಾಕಿರಬೇಕೆಂದು ತಬಿಥಾಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

“ಆತ್ರಿ ಕಾಕಾ, ತಿದ್ದಿಕೋತೀನಿ.”

ಬಸ್‌ಸ್ಟ್ಯಾಂಡಿನ ಹಿಂದೆ ಮಹಡಿಯ ಮೇಲೆ ಗೌತಮನ ಕೋಚಿಂಗ್‌ ಕ್ಲಾಸಿತ್ತು. ಸರಕಾರದ ಎಲ್ಲ ಬಗೆಯ ಪರೀಕ್ಷೆ ಬರೆದು, ಎಲ್ಲದರಲ್ಲೂ ನಪಾಸಾಗಿ, ಈಗ ಅದೇ ಪರೀಕ್ಷೆಗಳಿಗೆ ಹುಡುಗರನ್ನು ತಯಾರು ಮಾಡುತ್ತಿದ್ದ. ಸಭೆಯ ಯುವಕರ ಮುಖಂಡನೂ ಅವನೇ. ತಿದ್ದುವ ಹೊತ್ತಿನಲ್ಲಿ ಯಾವಾಗಲೂ ‘ಮೂರು ಪಾಯಿಂಟ್‌ ಇದಾವ’ ಎಂದು ಏಳುತ್ತಿದ್ದವನು. ಆದ್ದರಿಂದ ಅವನನ್ನು ಬಿಡುವಂತಿರಲಿಲ್ಲ.

ಪೇತ್ರನ ಭಾಗವನ್ನು ಅವನು ಕಣ್ಣು ಮುಚ್ಚಿ ಕೇಳಿದ. ಯೇಸುವನ್ನು ಹಿಡಿದೊಯ್ದ ರಾತ್ರಿ, ಅಂಗಳದಲ್ಲಿ ಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತ ಅವನ ಶಿಷ್ಯ ಪೇತ್ರ, ಅವನನ್ನು ನಾನರಿಯೆ, ನಾನರಿಯೆ, ನಾನರಿಯೆ ಎಂದದ್ದು, ಕೋಳಿ ಕೂಗಿದ್ದು, ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತದ್ದು.

“ತಂಗಿ, ಕಂಟೆಂಟ್‌ ಚಲೋ ಐತಿ,” ಎಂದ ಗೌತಮ. “ಪ್ರೆಸೆಂಟೇಶನ್‌ ಬರೋಬ್ಬರಿ ಇಲ್ಲ. ಮೂರು ಸಲ ನಿರಾಕರಿಸಿದ ಅನಬ್ಯಾಡ. ಮೂರು ಅಟೆಂಪ್ಟ್‌ ಫೇಲಾದ ಅನ್ನು. ಆಮ್ಯಾಲೆ ಏನಾದ? ಶಿಷ್ಯರೊಳಗ ಫಸ್ಟ್‌ ರ್‍ಯಾಂಕ್‌. ಹುಡುಗರು ಚಪ್ಪಾಳಿ ಹೊಡೀತಾರ.”

“ಕೋಳಿ ಕೂಗಿದ್ದು, ಅಣ್ಣಾ?”

“ಅಲಾರ್ಮ್‌. ಲಗೂ ಎದ್ದು ಓದಾಕ ಕುಂತ ಅಂತ ಹಾಕು.”

“ಅತ್ತದ್ದು?”

“ಕಟ್‌! ಅಳೂದು ನೆಗೆಟಿವ್‌. ಅತ್ತಾಂವ ಯಾವಾಂವರೆ ಪಾಸ್‌ ಆಗ್ಯಾನೇನು?” ಎಂದು, ಅವಳ ಪೆನ್ನನ್ನೇ ಇಸಿದುಕೊಂಡು ಪೇತ್ರನ ಕಣ್ಣೀರಿನ ಮೇಲೆ ದಪ್ಪ ಗೆರೆ ಎಳೆದ. ಕಾಗದ ಹರಿಯಿತು.

ತಬಿಥಾ ಹರಿದ ಜಾಗವನ್ನು ನೋಡಿದಳು. ಹರಕನ್ನು ಬೆರಳಿನಿಂದ ಒತ್ತಿ ಸರಿಮಾಡಿದಳು. ಇವನೊಬ್ಬನು ಮುಗಿದರೆ ಸಂಜೆ ಮೌನ, ಆ ಮೌನ, ಎಂದುಕೊಂಡಳು.

“ಆತಣ್ಣಾ, ತಿದ್ದಿಕೋತೀನಿ.”

ಆದರೆ ಅವಳು ಕೆಳಗಿಳಿಯುವಷ್ಟರಲ್ಲಿ ಸುದ್ದಿ ಇಳಿದುಹೋಗಿತ್ತು. ಗಿರಮಿಟ್‌ ಮಂಡಕ್ಕಿ ಗಾಡಿಯ ಕಳಕಪ್ಪ ಸಭೆಯವನಲ್ಲ, ಸೋಮವಾರ ತಪ್ಪದೆ ಕಾಲಕಾಲೇಶ್ವರನ ಗುಡಿಗೆ ಹೋಗುವವನು. ಅವನೂ ಅವಳನ್ನು ಕರೆದು ನಿಲ್ಲಿಸಿದ.

“ಏನವಾ, ಎಲ್ಲಾರ ಕಡೆ ತಿದ್ದಿಸಿಕೊಳ್ಳಾಕತ್ತೀಯಂತ. ನಂದೂ ಒಂದ ಇರಲಿ. ಎಲ್ಲಾ ಕಲಸಿದ ಮ್ಯಾಲೆ ಕಡೀಕ ಒಂದೀಟು ಉಳ್ಳಾಗಡ್ಡಿ ಬೀಳಬೇಕು, ಇಲ್ಲಂದ್ರ ರುಚಿ ಹತ್ತಾಂಗಿಲ್ಲ. ಭಾಷಣದಾಗ ಊರಿನ ಸುದ್ದಿ ಒಂದೀಟು ಹಾಕು. ಅರಸನ ಕತಿ ಐತೆಂತಲ್ಲ? ನಮ್ಮ ಗಡದ ಮ್ಯಾಲೆ ಅಡ್ಡಾಡಸು ಅಂವನ್ನ. ತಂಪ ಗಾಳಿ ಬೀಸ್ತೈತಿ.”

ಹೀಗೆ ದಾವೀದ ಯೆರೂಸಲೇಮಿನ ಅರಮನೆಯ ಮಾಳಿಗೆ ಬಿಟ್ಟು ಗಜೇಂದ್ರಗಡದ ಕೋಟೆ ಹತ್ತಿದ.

ಮನೆಗೆ ಬಂದರೆ ಬಾಗಿಲಲ್ಲಿ ರೇಷನ್‌ ಅಂಗಡಿಯ ಮುಂದಿನಂತೆ ಸಾಲು. ಗುಡ್ಡವ್ವನದೊಂದು ಹಾಕಿಕೊಂಡ ಮೇಲೆ ನಮ್ಮದು ಬೇಡವೇ ಎಂದು ಸಭೆಯ ಉಳಿದವರೆಲ್ಲ ಬಂದಿದ್ದರು. ಮಾನವ್ವ ಒಬ್ಬೊಬ್ಬರಿಗೆ ಒಂದೊಂದು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಕೂರಿಸಿದ್ದಳು. ಒಬ್ಬರಿಗೆ ಮುಕ್ತಾಯ ಬೇಡವಾಗಿತ್ತು, ಇನ್ನೊಬ್ಬರಿಗೆ ಆರಂಭ. ಬೆಳಿಗ್ಗೆ ನೊರೆಯೊಳಗೆ ನಕ್ಕು ಮೆಚ್ಚಿದ ಮಾತುಗಳು ಒಂದೊಂದಾಗಿ, ಮದುವೆ ಮನೆಯಿಂದ ಹೇಳದೆ ಹೋಗುವ ನೆಂಟರಂತೆ, ಎದ್ದು ಹೋದವು. ಹೊತ್ತು ಇಳಿಯುವಷ್ಟರಲ್ಲಿ ತಬಿಥಾ ತನ್ನದೆನ್ನುವುದನ್ನು ಹುಡುಕಿದಳು. ‘ಪ್ರಿಯರೇ’ ಎಂಬ ಒಂದು ಪದ ಉಳಿದಿತ್ತು. ಅಷ್ಟರಲ್ಲಿ ಯಾರೋ ಒಬ್ಬರು, ಹರೆಯದ ಹುಡುಗಿ ಗಂಡಸರಿಗೆಲ್ಲ ಪ್ರಿಯರೇ ಅನ್ನುವುದು ಚಂದ ಕಾಣಿಸುವುದಿಲ್ಲವೆಂದರು. ಅದೂ ‘ಹಿರಿಯರೇ’ ಆಯಿತು.

ಸಂಜೆ ರಮಾಬಾಯಿ ಬಂದರು. ಬಿಳಿ ಸೀರೆ, ಮಡಚಿದ ಕೊಡೆ, ನಗುವನ್ನು ಮನೆಯಲ್ಲಿ ಬೀಗ ಹಾಕಿಟ್ಟು ಬಂದಂಥ ಮುಖ. ಮೊದಲ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಕುರ್ಚಿ ಸ್ವಲ್ಪ ವಾರೆಯಿತ್ತು. ಅವರೇ ಎದ್ದು ನೇರ ಮಾಡಿ ಕೂತರು. ಸಭೆಗೆ ಅವರ ಮೇಲೆ ಒಮ್ಮೆಲೇ ಗೌರವ ಬಂತು.

ತಬಿಥಾ ಎದ್ದಳು. ಕಾಗದ ಬಿಡಿಸಿದಳು. ಓದಿದಳು. ಗಡದ ಮೇಲೆ ತಂಪು ಗಾಳಿಯಲ್ಲಿ ಅಡ್ಡಾಡುತ್ತಿದ್ದ ದಾವೀದನಿಗೆ ನಾತಾನನು, “ತಪ್ಪು ತಿಳಿಯಬೇಡಿ ಅರಸರೇ, ಆ ಮನುಷ್ಯರು ತಾವೇ ಇರಬಹುದೋ ಏನೋ” ಎಂದಾಗ ಮಾನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬಿಳೀ ಕುದುರೆ ಗೆಜ್ಜೆ ಕುಣಿಸುತ್ತ ಬಂದು ಬಿಳಾಮನಿಗೆ ಬುದ್ಧಿ ಹೇಳಿದಾಗ ಗುಡ್ಡವ್ವ ಕತ್ತು ನೆಟ್ಟಗೆ ಮಾಡಿ, ಸುತ್ತಲಿದ್ದವರು ತನ್ನನ್ನು ನೋಡುತ್ತಿದ್ದಾರೆಯೇ ಎಂದು ನೋಡಿದಳು. ಟಿಕೀಟಿದ್ದ ಯೋನನನ್ನು ನಡುದಾರಿಯಲ್ಲಿ ಇಳಿಸಿದವರನ್ನು ಅವಳು ಖಂಡಿಸಿದಾಗ ಹುಚ್ಚಪ್ಪ “ಆಮೆನ್‌!” ಎಂದು ಕೂಗಿದ. ತಗಡಿನ ಮೇಲಿದ್ದ ಪಾರಿವಾಳಗಳು ಎದ್ದು ಹೋದವು.

ಆಮೇಲೆ ಪೇತ್ರ ಬಂದ. ಮೂರು ಅಟೆಂಪ್ಟಿನಲ್ಲಿ ಫೇಲಾದ. ಅಲಾರ್ಮ್‌ ಹೊಡೆಯಿತು. ಭಾಷಣದ ಮುಂದಿನ ಸಾಲಿಗೆ ತಬಿಥಾ ಕಣ್ಣು ಹಾಯಿಸಿದಳು. ಅಲ್ಲಿ ಕಾಗದವೇ ಇರಲಿಲ್ಲ. ಗೌತಮ ಎಳೆದ ಗೆರೆಯ ಹರಕಿನಿಂದ ಮೊದಲ ಸಾಲಿನ ಒಬ್ಬರ ಮೊಣಕಾಲು ಕಾಣುತ್ತಿತ್ತು.

ಅವಳ ಓದು ನಿಂತಿತು. ಸಭೆ ಕಾಯಿತು. ಗಂಟಲು ಕಟ್ಟುತ್ತ ಬಂತು. ಆ ಹರಕಿನಲ್ಲಿ ಅವಳಿಗೆ ಪೇತ್ರನೇ ಕಂಡಂತಾಯಿತು: ಬೆಂಕಿಯ ಹತ್ತಿರ ಕೂತು, ಮಾತಿಗೆ ಸಿಕ್ಕಿಬಿದ್ದು, ಎಲ್ಲಿ ನೋಡಬೇಕೆಂದು ತಿಳಿಯದ ಮನುಷ್ಯ. ಕಾಗದದಿಂದ ಕಣ್ಣೆತ್ತಿ ಅವಳು ಮೆಲ್ಲಗೆ ಹೇಳಿದಳು.

“ಕೋಳಿ ಕೂಗಿದಾಗ ಯೇಸು ತಿರುಗಿ ಪೇತ್ರನನ್ನು ನೋಡಿದ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಪೇತ್ರ ತಡೆದುಕೊಳ್ಳುತ್ತಿದ್ದ. ಸುಮ್ಮನೆ ನೋಡಿದ್ದಕ್ಕೇ ಅವನು ಹೊರಗೆ ಹೋಗಿ ಅತ್ತದ್ದು.”

ಕೂತಿದ್ದವರಲ್ಲಿ ಯಾರೂ ಕೆಮ್ಮಲಿಲ್ಲ. ತಬಿಥಾ ಗಾಬರಿಯಾಗಿ ಮುಂದಿನ ಹಾಳೆಗೆ ಹಾರಿ, ಮೀನಿನ ಸರ್ವೀಸನ್ನು ಇನ್ನೊಮ್ಮೆ ಹೊಗಳಿ ಮುಗಿಸಿದಳು.

“ಈಗ ತಿದ್ದುವ ಹೊತ್ತು,” ಎಂದ ಹುಚ್ಚಪ್ಪ ಎದ್ದು ನಿಂತು. ಹೇಳಿ ತಾನೇ ಕೂತ.

ಯಾರೂ ಏಳಲಿಲ್ಲ.

ಗುಡ್ಡವ್ವ ಏಳಲಿಲ್ಲ. ಗೌತಮನ ಹತ್ತಿರ ಒಂದು ಪಾಯಿಂಟೂ ಇರಲಿಲ್ಲ. ತನ್ನದೇ ಮಾತನ್ನು ತಾನೇ ತಿದ್ದುವುದು ಯಾರಿಗೆ ಬೇಕು? ಎಲ್ಲರೂ ಎದೆಯ ಮೇಲೆ ಕೈ ಕಟ್ಟಿ, ಹೆತ್ತ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದವರಂತೆ ಕೂತಿದ್ದರು. ಗುಡ್ಡದ ಮೇಲಿನ ಗಾಳಿಯಂತ್ರದ ಸುಂಯ್‌ ಸದ್ದು ಆ ತಗಡಿನ ಮಾಡಿನೊಳಗೆ ಮೊದಲ ಸಲ ಕೇಳಿಸಿತು.

ಆ ಮೌನ! ತಬಿಥಾಳಿಗೆ ತಾನು ನೆಲದಿಂದ ಒಂದು ಗೇಣು ಮೇಲೆ ನಿಂತಿದ್ದೇನೆ ಅನಿಸಿತು. ಗೆದ್ದೆ.

ರಮಾಬಾಯಿ ಎದ್ದರು. ಮುಖ ಇನ್ನೂ ಗಂಟಾಗಿತ್ತು.

“ಒಬ್ಬರೂ ತಿದ್ದಂಗಿಲ್ಲೇನು?”

“ತಿದ್ದಾಕ ಏನೂ ಇಲ್ರಿ ಬಾಯಾರ,” ಎಂದಳು ಗುಡ್ಡವ್ವ. “ಅಗದೀ ಬರೋಬ್ಬರಿ ಐತಿ. ಆ ಕುದರೀ ಮಾತಂತೂ…”

“ನಮ್ಮ ಸಭೆದ ಹುಡುಗಿರಿ,” ಎಂದ ಹುಚ್ಚಪ್ಪ. “ತಪ್ಪು ಹುಡುಕಿದ್ರೂ ಸಿಗಾಂಗಿಲ್ಲ.”

“ಹಂಗಾದ್ರ ನಾ ಬಂದದ್ದು ದಂಡಾತು,” ಎಂದರು ರಮಾಬಾಯಿ. “ಭಾಷಣ ಕೇಳಿ ನಾ ಟೀಚರನ್ನ ಆರಸಂಗಿಲ್ಲ. ಭಾಷಣ ಯಾರು ಬೇಕಾದ್ರೂ ಮಾಡ್ತಾರ. ತಪ್ಪು ಹೇಳಿದಾಗ ಹುಡುಗಿ ಮುಖ ಹ್ಯಾಂಗ ಆಗ್ತದ, ಅದನ್ನ ನೋಡಿ ಆರಸ್ತೀನಿ. ಹೋದ ಊರಾಗ ಒಬ್ಬಾಕಿ ಅತ್ತಳು, ಇನ್ನೊಬ್ಬಾಕಿ ಜಗಳಾಡಿದಳು. ನಿಮ್ಮ ಸಭೆಯೊಳಗ ಎಲ್ಲಾರೂ ಬಿಡದ ತಿದ್ದತಾರ ಅಂತ ಕೇಳಿ, ಅದಕ್ಕಂತನಽ ಇಲ್ಲಿಗೆ ಬಂದಿದ್ದೆ.”

ತಬಿಥಾ ನೆಲಕ್ಕೆ ಇಳಿದಳು. ಸಭೆಯನ್ನು ನೋಡಿದಳು. ಒಂದಾದರೂ ತಪ್ಪು ಹೇಳ್ರಿ, ದೊಡ್ಡವ್ವಾ, ಕಾಕಾ, ಯಾರಾದರೂ, ಎಂದು ಕಣ್ಣಲ್ಲೇ ಬೇಡಿಕೊಂಡಳು. ಗುಡ್ಡವ್ವ ಅದನ್ನು ಕೃತಜ್ಞತೆಯೆಂದು ತಿಳಿದು ಪ್ರೀತಿಯಿಂದ ತಲೆಯಾಡಿಸಿದಳು.

“ಇರಲಿ,” ಎಂದರು ರಮಾಬಾಯಿ. “ಹಂಗಾದ್ರ ನಾನಽ ಒಂದು ತಿದ್ದತೀನಿ. ಭಾಷಣ ನನಗ ಮೆಚ್ಚಿಕಿ ಆತು. ಆ ಬಿಳೀ ಕುದರಿ, ಯೋನನ ಟಿಕೀಟು, ಮೂರು ಅಟೆಂಪ್ಟು, ಏನು ಕಲ್ಪನಾ! ನಮ್ಮ ಹುಡುಗ್ಯಾರು ಹೊಟ್ಟಿ ಹಿಡಕೊಂಡು ನಗತಾರ. ಎಲ್ಲಾ ನೀನಽ ಬರದದ್ದು ಅಂತ ಓದೂ ಧಾಟಿಯೊಳಗಽ ತಿಳೀತದ. ಆದರ ಒಂದು ಮಾತು ಅದರೊಳಗ ಕೂಡಲಿಲ್ಲ.”

ತಬಿಥಾ ಪೆನ್ನು ತೆಗೆದು ಸಿದ್ಧಳಾದಳು. ಕುರ್ಚಿಯ ಹಿಂದೆ ಮಾನವ್ವನ ತುಟಿ ಆಗಲೇ ಅಲುಗುತ್ತಿತ್ತು: ತಿದ್ದಿಕೋತೀನಿ ಅನ್ನು, ತಿದ್ದಿಕೋತೀನಿ ಅನ್ನು.

“ಪೇತ್ರನ ಕಡೆ ನೋಡಿದ್ದು, ಅದಕ್ಕ ಅಂವ ಅತ್ತದ್ದು. ಆ ಮಾತು ತಗದುಬಿಡು. ಅಂವ ಅತ್ತದ್ದು ತನ್ನ ಪಾಪಕ್ಕ. ಅಷ್ಟು ಚಂದ ನಗಸಿಕೋತ ಬಂದು ನಡುವ ಅದೇನು? ಬ್ಯಾರೆ ಯಾರೋ ಬರದು ತುರುಕಿದಂಗ ಅದ. ಮಿಕ್ಕಿದ್ದಕ್ಕ ಕೈ ಹಚ್ಚಬ್ಯಾಡ. ಆತಿಲ್ಲೋ?”

ಆತು ಎನ್ನುವುದಷ್ಟೇ ಬಾಕಿ. ಬೆಳಗಿನಿಂದ ಊರಿಗೆಲ್ಲ ಹಂಚಿದ ಮಾತದು, ನಾಲಿಗೆಯ ತುದಿಯಲ್ಲೇ ಕೂತಿತ್ತು. ವಸತಿಶಾಲೆಯ ಮಕ್ಕಳು, ಕಪ್ಪು ಹಲಗೆ, ತನ್ನದೇ ಒಂದು ಕೋಣೆ, ಎಲ್ಲವೂ ಆ ಮಾತಿನ ಆಚೆಗೆ ಕಾಯುತ್ತಿದ್ದವು. ರಮಾಬಾಯಿ ಅವಳ ಮುಖವನ್ನೇ ನೋಡುತ್ತಿದ್ದರು. ಗೌತಮ ಹೆಬ್ಬೆರಳೆತ್ತಿ ತೋರಿಸಿದ. ಇಡೀ ಸಭೆ ಮುಂದಕ್ಕೆ ಬಾಗಿತು.

ತಬಿಥಾ ಬಾಯಿ ತೆರೆದಳು. ಗಂಟಲು ಕಟ್ಟಲಿಲ್ಲ.

“ಇಲ್ರಿ ಬಾಯಾರ,” ಎಂದಳು. ಕಡೆಯ ಸಾಲಿನವರೆಗೂ ಕೇಳಿಸಿತು. “ಅದನ್ನ ತಿದ್ದಿಕೊಳ್ಳಾಂಗಿಲ್ರಿ. ಇಡೀ ಭಾಷಣದಾಗ ಅದೊಂದಽ ನಂದು.”